ಲಿಮಿಟ್ಟಿನಲ್ಲಿ ಕುಡಿಯುವವರು

ಕುಡಿಯುವ ಗಂಡಸರಲ್ಲಿ ಎರಡೇ ಬಗೆ ಎಂದು ನಾನು ಬಹಳ ಕಾಲ ತಿಳಿದುಕೊಂಡಿದ್ದೆ. ಚರಂಡಿಯಲ್ಲಿ ಬಿದ್ದು ಹೊರಳಾಡುವವರು ಒಂದು ಬಗೆ. ಬೀಳದೆ ಮನೆ ಸೇರಿ, ಅಲ್ಲಿ ಗಲಾಟೆ ಮಾಡುವವರು ಇನ್ನೊಂದು ಬಗೆ. ಮೊಮ್ಮಗಳನ್ನು ಗುಂಡ್ಲುಪೇಟೆಗೆ ಕೊಟ್ಟ ಮೇಲೆ ಮೂರನೆಯ ಬಗೆಯೂ ಇದೆ ಎಂದು ಗೊತ್ತಾಯಿತು. ಇವರು ಲಿಮಿಟ್ಟಿನಲ್ಲಿ ಕುಡಿಯುವವರು. ಮೊದಲ ಎರಡು ಬಗೆಯವರಿಗೆ ಬೆಳಿಗ್ಗೆ ಎದ್ದಾಗಲಾದರೂ ಸ್ವಲ್ಪ ನಾಚಿಕೆ ಇರುತ್ತದೆ. ಇವರಿಗೆ ಅದೂ ಇಲ್ಲ.

ಗಂಡು ನೋಡುವಾಗಲೇ ಈ ಮಾತು ಬಂದಿತ್ತು. ಸಂಬಂಧ ತಂದವನು ಚಾಮರಾಜನಗರದ ಪಕ್ಕದಲ್ಲಿರುವ ನಮ್ಮ ಮನೆಯ ಜಗುಲಿಯ ಮೇಲೆ ಕೂತು, ನಮ್ಮ ಕಾಫಿ ಕುಡಿಯುತ್ತಾ ಹುಡುಗನ ಗುಣಗಾನ ಮಾಡುತ್ತಿದ್ದ. ಡ್ರಿಪ್ ಪೈಪಿನ ಸ್ವಂತ ಅಂಗಡಿ, ಒಬ್ಬನೇ ಮಗ, ತಂದೆ ಫಾರೆಸ್ಟ್ ಡಿಪಾರ್ಟ್‌ಮೆಂಟಿನಲ್ಲಿದ್ದು ರಿಟೈರ್ ಆದವರು, ಹೀಗೆ.

"ಕುಡಿತಾನಾ?" ಎಂದು ಕೇಳಿದೆ.

"ಈಗಿನ್ ಕಾಲ್ದಲ್ಲಿ ಯಾರ್ ಕುಡಿಯಲ್ಲ ಏಳವ್ವ? ಆದ್ರೆ ಲಿಮಿಟ್ಟು ಕಣವ್ವ. ಲಿಮಿಟ್ ದಾಟೋ ಉಡುಗನೇ ಅಲ್ಲ."

"ಲಿಮಿಟ್ಟು ಅಂದ್ರೆ ಎಷ್ಟು?"

ಅವನು ಹಲ್ಲು ಬಿಟ್ಟ. "ಅದು ಅವ್ನಿಗೆ ಗೊತ್ತಿರ್ತದೆ ಕಣವ್ವ."

ಕುಡಿಯುವವನಿಗೆ ಮಾತ್ರ ಗೊತ್ತಿರುವ ಅಳತೆ ಎಂಥ ಅಳತೆ? ಅಂಗಡಿಯವನು ತಕ್ಕಡಿಗೆ ಬೆನ್ನು ಅಡ್ಡ ಕೊಟ್ಟು ಬೇಳೆ ತೂಗಿದರೆ ನಾವು ಸುಮ್ಮನೆ ಚೀಲ ಹಿಡಿದುಕೊಂಡು ಬರುತ್ತೇವೆಯೇ? ಇನ್ನೂ ಏನೋ ಕೇಳಬೇಕೆಂದಿದ್ದೆ. ನನ್ನ ಮಗ ಕಣ್ಣು ಕೆಂಪಗೆ ಮಾಡಿ ನೋಡಿದ. ಮಗಳ ಮದುವೆಯ ಹೊತ್ತಿನಲ್ಲಿ ಅವ್ವ ಬಾಯಿ ತೆಗೆದರೆ ಕೆಲಸ ಕೆಡುತ್ತದೆ ಎಂದು ಅವನಿಗೆ ಭಯ. ಸುಮ್ಮನಾದೆ. ಹುಡುಗಿಗೂ ಹುಡುಗ ಒಪ್ಪಿಗೆಯಾಗಿದ್ದ.

ಕುಡಿಯಲೇಬಾರದು ಎಂದು ನಾನು ಯಾರಿಗೂ ಹೇಳಿದವಳಲ್ಲ. ನಮ್ಮದು ಕುರಿ ಕೋಳಿ ತಿನ್ನುವ ಮನೆ, ಹಬ್ಬ ಬಂದರೆ ಗಂಡಸರು ಕುಡಿಯುವ ಮನೆ. ನಮ್ಮ ಅತ್ತೆಯೇ ಕುಡಿಯುತ್ತಿದ್ದಳು. ಹೆಂಡ ಸಿಗುತ್ತಿದ್ದ ಕಾಲ ಅದು. ಅರಿಶಿನ ಕೀಳುವ ದಿನಗಳಲ್ಲಿ ಹೊತ್ತು ಮುಳುಗುವವರೆಗೆ ಬೆನ್ನು ಬಗ್ಗಿಸಿ ದುಡಿದು ಬಂದು, ಬಿಸಿನೀರಿನಲ್ಲಿ ಕೈಕಾಲು ತೊಳೆದು, ಮುದ್ದೆ ಉಂಡು, ಆಮೇಲೆ ಒಂದು ತೆಂಗಿನ ಚಿಪ್ಪಿನಷ್ಟು ಕುಡಿದು ಚಿಪ್ಪನ್ನು ಬೋರಲು ಹಾಕಿಬಿಡುತ್ತಿದ್ದಳು. ಇನ್ನೊಂದಿಷ್ಟು ಹುಯ್ಯುತ್ತೇನೆ ಎಂದು ಯಾರಾದರೂ ಬಂದರೆ ನೆಲಕ್ಕೇ ಹುಯ್ಯಬೇಕಾಗಿತ್ತು. ಕುಡಿದ ಮೇಲೆ ಒಲೆಯ ಹತ್ತಿರ ಹೋಗುತ್ತಿರಲಿಲ್ಲ. ಹಸುಗೂಸನ್ನು ಎತ್ತಿಕೊಳ್ಳುತ್ತಿರಲಿಲ್ಲ. ಚಾಪೆ ಹಾಸಿ ಮಲಗುತ್ತಿದ್ದಳು. ಅದನ್ನೊಂದು ದೊಡ್ಡ ಗುಣ ಎಂದು ಅವಳೂ ತಿಳಿಯಲಿಲ್ಲ, ನಾವೂ ತಿಳಿಯಲಿಲ್ಲ.

ಅವಳ ಮಗ, ಎಂದರೆ ನನ್ನ ಗಂಡ, ಇದನ್ನು ದಿನಾ ನೋಡಿಯೂ ಕಲಿಯಲಿಲ್ಲ. ತೆರಕಣಾಂಬಿ ಸಂತೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋದರೆ, ಬರುವಾಗ ಗಾಡಿಯೊಳಗೆ ಹುಲ್ಲಿನ ಮೇಲೆ ಸತ್ತವನಂತೆ ಬಿದ್ದಿರುತ್ತಿದ್ದ. ದಾರಿ ಗೊತ್ತಿದ್ದ ಎತ್ತುಗಳು ತಾವಾಗಿಯೇ ನಡೆದು ಬಂದು ಮನೆ ಮುಂದೆ ನಿಲ್ಲುತ್ತಿದ್ದವು. ನಾನು ಮೊದಲು ಎತ್ತುಗಳ ಕೊರಳು ಬಿಚ್ಚಿ ನೀರು ಕುಡಿಸುತ್ತಿದ್ದೆ, ಆಮೇಲೆ ಅವನನ್ನು ಇಳಿಸುತ್ತಿದ್ದೆ. ಬೆಳಿಗ್ಗೆ ಎದ್ದು, "ಎಂಗ್ ಗಾಡಿ ಒಡ್ಕಂಡು ಬಂದೆ ನೋಡ್ದಾ" ಎಂದು ನನಗೇ ಹೇಳುತ್ತಿದ್ದ. "ಎತ್ತು ಕುಡ್ದಿರ್ಲಿಲ್ಲ, ಅದ್ಕೆ ಬಂದೆ" ಎಂದರೆ ಕೋಪ ನೆತ್ತಿಗೆ ಏರುತ್ತಿತ್ತು. ಕಡೆಗೆ ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾಗಿ ಹೋದ. ನಾನು ಅಳಲಿಲ್ಲವೆಂದಲ್ಲ. ಅಳುವುದು ಬೇರೆ, ಆ ಮನುಷ್ಯನನ್ನು ಮೆಚ್ಚುವುದು ಬೇರೆ.

ಮೊಮ್ಮಗಳ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಹೆಣ್ಣು ಮಗು. ಐದು ತಿಂಗಳು ತುಂಬಿದ ಮೇಲೆ ತಾಯಿ ಮಗುವನ್ನು ಕರೆದುಕೊಂಡು ಹೋಗಲು ಗುಂಡ್ಲುಪೇಟೆಯಿಂದ ಒಂದು ಭಾನುವಾರ ಬೀಗರು ಬಂದರು. ಮೊಮ್ಮಗಳ ಗಂಡನದೇ ಕಾರು. ಅದರಲ್ಲಿ ಅವನು, ಅವನ ಅಪ್ಪ, ಅವನ ಅವ್ವ. ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರುವಾಗುತ್ತದೆ, ಅಷ್ಟರೊಳಗೆ ಮಗು ನಮ್ಮ ಹೊಸಲು ದಾಟಬೇಕು ಎಂದು ಬೀಗರು ಫೋನಿನಲ್ಲೇ ಹೇಳಿದ್ದರು. ನನ್ನ ಮಗ ಬೆಳಿಗ್ಗೆಯೇ ಮಟನ್ ತಂದ. ಸೊಸೆ ಖಾರ ಅರೆಯುತ್ತಾ ಕೂತಳು.

ಹೆಣ್ಣಿನ ಕಡೆಯವರು ಬೀಗರಿಗೆ ಊಟದ ಜೊತೆ ಬಾಟಲಿಯನ್ನೂ ಇಡಬೇಕು, ಇದು ನಮ್ಮ ಕಡೆಯ ರೂಢಿ. ಇಡದಿದ್ದರೆ ಬೀಗರ ಮುಖ ಮೂರು ವರ್ಷ ಸೊಟ್ಟಗಿರುತ್ತದೆ. ಇದನ್ನು ಯಾರೂ ಹೆಂಡ, ಬ್ರಾಂದಿ ಎಂದು ಹೆಸರು ಹಿಡಿದು ಹೇಳುವುದಿಲ್ಲ. 'ವ್ಯವಸ್ಥೆ' ಎನ್ನುತ್ತಾರೆ. ವ್ಯವಸ್ಥೆ ಹಿತ್ತಲಿನಲ್ಲಿ ಆಗುತ್ತದೆ, ಏಕೆಂದರೆ ಒಳಗೆ ದೇವರ ಗೂಡಿದೆ. ಅಲ್ಲಿಯವರೆಗೆ ಸರಿ. ಆದರೆ ಅದಕ್ಕೆ ಇನ್ನೊಂದು ಕಟ್ಟಳೆ ಸೇರಿಸಿಕೊಂಡಿದ್ದಾರೆ: ಮುಚ್ಚಳ ತೆಗೆದ ಬಾಟಲಿ ಮತ್ತೆ ಮನೆಯೊಳಕ್ಕೆ ಹೋಗಬಾರದು. ಒಳಕ್ಕೆ ಹೋಗಬಾರದು ಎಂದ ಮೇಲೆ ಅಲ್ಲೇ ಮುಗಿಸಬೇಕು. ಕೊಟ್ಟಿಗೆ ಇದೆ, ಮೋಟಾರಿನ ಮನೆ ಇದೆ, ಬಚ್ಚಲ ಗೋಡೆಯ ಮೇಲೆ ಜಾಗ ಇದೆ, ಅಲ್ಲೆಲ್ಲಾದರೂ ಇಡಬಹುದೆಂದು ಒಬ್ಬ ಗಂಡಸಿಗೂ ಹೊಳೆಯುವುದಿಲ್ಲ. ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದೆವೆಂದು ಜಾಡಿಯನ್ನೇ ಖಾಲಿ ಮಾಡುವವರನ್ನು ನಾನು ಕಂಡಿಲ್ಲ. ಇವರು ದೇವರ ಮೇಲಿನ ಭಕ್ತಿಗೆ ಕುಡಿಯುತ್ತಾರೆ.

ಹಿತ್ತಲಿನ ಹುಣಸೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬೀಗರು, ಅವರ ಮಗ, ನನ್ನ ಮಗ ಮೂವರೂ ಕೂತರು. ನಡುವೆ ಸೋಡಾ, ಖಾರದ ಕಡಲೆಬೀಜ, ಹೆಚ್ಚಿದ ಈರುಳ್ಳಿ. ಸಾರು ಇನ್ನೂ ಕುದಿಯುತ್ತಿತ್ತು. ಉಂಡು ಕುಡಿಯಿರಿ ಎಂದು ನಾನು ಒಂದು ಮಾತು ಹೇಳಿದೆ. ಉಂಡರೆ ಏರುವುದಿಲ್ಲವಂತೆ. ಏರಬೇಕು, ಆದರೆ ಲಿಮಿಟ್ಟೂ ಇರಬೇಕು, ಇದು ಅವರ ಲೆಕ್ಕ. ನಾನು ಕೊಟ್ಟಿಗೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯತೊಡಗಿದೆ. ಎರಡು ಲೋಟ ಒಳಗೆ ಹೋದ ಮೇಲೆ ಬೀಗರು ಪಾಠ ಶುರುಮಾಡಿದರು.

"ಕುಡ್ತ ಅನ್ನದು ಒಂದು ಇದ್ಯೆ ಕಣಪ್ಪ," ಎಂದು ನನ್ನ ಮಗನಿಗೆ ಹೇಳಿದರು. "ಎಲ್ಲಾರ್ಗೂ ಬರಲ್ಲ. ನಾನು ಮದ್ದೂರ್ ಕಡೆ ಕಾಡ್ ಗೇಟಲ್ಲಿ ಡ್ಯೂಟಿ ಮಾಡ್ದೋನು. ಎಂತೆಂತಾ ಬಡ್ಡೈಕ್ಳ ಕಂಡಿವ್ನಿ! ಕುಡ್ಕಂಡು ಕಾರ್ ಓಡಿಸ್ಕಂಡು ಬಂದ್ಬುಟ್ಟು, ಆನೆ ಮುಂದ್ಕೋಗಿ ಫೋಟೋ ಇಡಿತಾವೆ. ಲಿಮಿಟ್ ಗೊತ್ತಿಲ್ದೋರು ಕುಡಿಲೇಬಾರ್ದು."

"ಬೀಗ್ರೆ," ಎಂದೆ ನಾನು ಕೂತಲ್ಲಿಂದಲೇ. "ಗೇಟಲ್ಲಿ ನೀವು ತಡುದ್ರೆ ಆ ಬಡ್ಡೈಕ್ಳು ಏನಂತಿದ್ವು?"

"ಏನಂತವೆ ಅಜ್ಜಿ? ಒಂದೇ ಒಂದು ತಗಂಡಿವ್ನಿ ಸಾರ್, ಲಿಮಿಟ್ಟಲ್ಲೇ ಇವ್ನಿ ಸಾರ್, ಅಂತವೆ. ಎಲ್ಲಾ ಅದೇ ರಾಗ!" ಎಂದು ಬೀಗರು ತೊಡೆ ತಟ್ಟಿಕೊಂಡು ನಕ್ಕರು. ನಕ್ಕು ಮೂರನೆಯ ಲೋಟಕ್ಕೆ ಹುಯ್ದುಕೊಂಡರು. ತಾನು ಹೇಳಿದ್ದು ತನ್ನ ಕಿವಿಗೇ ಬೀಳದ ಮನುಷ್ಯನ ಮುಂದೆ ನಾನೇನು ಹೇಳಲಿ?

ಹುಡುಗನ ವಿಷಯದಲ್ಲಿ ಇದ್ದದ್ದು ಇದ್ದಂತೆ ಹೇಳಬೇಕು. ಎರಡನೆಯದಕ್ಕೆ ಅವನು ಲೋಟದ ಮೇಲೆ ಕೈ ಮುಚ್ಚಿದ. "ಸಾಕು ಅಪ್ಪಾಜಿ, ಗಾಡಿ ಓಡಿಸ್ಬೇಕು" ಎಂದ. ನಾನು ಬೆಳ್ಳುಳ್ಳಿ ಸುಲಿಯುವುದು ಬಿಟ್ಟು ತಲೆ ಎತ್ತಿದೆ. ಪರವಾಗಿಲ್ಲ, ಬುದ್ಧಿ ಇದೆ ಅಂದುಕೊಂಡೆ. ಆ ಬುದ್ಧಿಯನ್ನು ಕೆಡಿಸಿದವರು ಇಬ್ಬರು ಹಿರಿಯರು.

"ಇನ್ನಿಷ್ಟೇ ಅಲ್ವೇನ್ಲಾ ಇರದು, ಮುಗಿಸ್ಬುಡು. ತಗ್ದಿರೋ ಬಾಟ್ಲಿ ಒಳಕ್ಕೆ ತಗಂಡೋಗಕಾದದಾ?" ಎಂದರು ಬೀಗರು.

ನನ್ನ ಮಗನೂ ಸೇರಿಕೊಂಡ. "ಬುಡಿ ಅಳಿಯಂದ್ರೆ, ನಮ್ಮನೆಲಿ ನೀವು ಕೈ ಮುಚ್ಚುದ್ರೆ ನಮ್ಗೆ ಮರ್ವಾದೆಯಾ?"

ತನ್ನ ಮಗಳನ್ನೂ ಅವಳ ಕೂಸನ್ನೂ ಅದೇ ಕಾರಿನಲ್ಲಿ ಕೂರಿಸಿ ಕಳಿಸಬೇಕಾದವನು ಆಡುವ ಮಾತೇ ಇದು? ಹುಡುಗ ಕೈ ತೆಗೆದ. ಉಳಿದದ್ದನ್ನೆಲ್ಲ ಅವನ ಲೋಟಕ್ಕೆ ಬಗ್ಗಿಸಿದರು. ಖಾಲಿ ಬಾಟಲಿಯನ್ನು ನನ್ನ ಮಗ ಬೇಲಿಯಾಚೆ ಎಸೆದು, ದೊಡ್ಡ ಕೆಲಸ ಮುಗಿಸಿದವನಂತೆ ಪಂಚೆ ಕೊಡವಿದ.

ಊಟ ಮುಗಿಯುವ ಹೊತ್ತಿಗೆ ಮೂರೂವರೆ ದಾಟಿತ್ತು. ಸೊಸೆ ಮಗಳಿಗೆ ಮಡಿಲಕ್ಕಿ ತುಂಬಿದಳು. ಅಕ್ಕಿ, ಕೊಬ್ಬರಿ, ಬೆಲ್ಲ, ಕುಪ್ಪಸದ ಬಟ್ಟೆ ಎಲ್ಲ ಸೆರಗಿಗೆ ಕಟ್ಟಿ ಆಯಿತು. ಮಗು ನನ್ನ ಹೆಗಲ ಮೇಲಿತ್ತು. ನಾನು ಹೊಸಲಿನ ಒಳಗೇ ನಿಂತು, ಹುಡುಗ ಕಾರಿಗೆ ಸಾಮಾನು ತುಂಬುವುದನ್ನು ನೋಡುತ್ತಿದ್ದೆ. ಬೀಳುತ್ತಿರಲಿಲ್ಲ. ತೂರಾಡುತ್ತಲೂ ಇರಲಿಲ್ಲ. ಆದರೆ ಮಗುವಿನ ಬಟ್ಟೆಯ ಚೀಲವನ್ನು ಡಿಕ್ಕಿಗೆ ಇಟ್ಟ, ತೆಗೆದ, ಮತ್ತೆ ಅಲ್ಲೇ ಇಟ್ಟ. ಡಿಕ್ಕಿ ಮುಚ್ಚದೆ ಹೋಗಿ ಸ್ಟಿಯರಿಂಗ್ ಮುಂದೆ ಕೂತ. ಅವನವ್ವ ಕೂಗಿದ ಮೇಲೆ ಇಳಿದು ಬಂದು ಮುಚ್ಚಿದ. ಸುಮ್ಮಸುಮ್ಮನೆ ನಗುತ್ತಿದ್ದ. ನಮ್ಮೂರಿನಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆ ನನಗೆ ಗೊತ್ತು. ತರಕಾರಿ ಗಾಡಿಗಳು, ಟ್ರ್ಯಾಕ್ಟರುಗಳು, ಎದುರಿಗೆ ಹುಚ್ಚು ಹಿಡಿದಂತೆ ಬರುವ ಬಸ್ಸುಗಳು. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸಲಿಗೆ ಅಡ್ಡ ಕೂತುಬಿಟ್ಟೆ.

"ಯಾಕಜ್ಜಿ ಕೂತ್ಕಂಡೆ? ಕೊಡು ಮಗಿನ, ಹೊತ್ತಾಯ್ತದೆ," ಎಂದ ಹುಡುಗ.

"ಕೊಡಲ್ಲ ಕಣಪ್ಪ. ನೀನು ಕುಡ್ದಿದೀಯೆ."

"ಅಯ್ಯೋ ಅಜ್ಜಿ, ಲಿಮಿಟ್ಟಲ್ಲೇ ಇವ್ನಿ. ನೋಡು, ಎಂಗ್ ನಿಂತಿವ್ನಿ, ಸ್ಟಡಿಯಾಗಿಲ್ವಾ?"

"ಕಂಬಾನೂ ಸ್ಟಡಿಯಾಗೇ ನಿಂತದೆ. ಕಂಬುದ ಕೈಗೆ ಕಾರ್ ಕೊಟ್ಟಾರಾ ಯಾರಾರೂವೆ?"

ಮೊಮ್ಮಗಳು ಮಡಿಲಕ್ಕಿ ಕಟ್ಟಿದ ಸೆರಗು ಹಿಡಿದುಕೊಂಡು ನನ್ನ ಹಿಂದೆ ನಿಂತಿದ್ದಳು. "ಬುಡಜ್ಜಿ, ಎಲ್ಲಾರೂ ನೋಡ್ತಾವ್ರೆ" ಎಂದು ಪಿಸುಗುಟ್ಟಿದಳು. ನೋಡುತ್ತಿದ್ದರು, ನಿಜ. ಎದುರು ಮನೆಯವರು ಕಾಳು ಕೇರುವ ಮೊರವನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು. ಮಗ ಹಲ್ಲು ಕಚ್ಚಿಕೊಂಡು, "ಅವ್ವ, ಎದ್ದೇಳು ಮೇಲಕ್ಕೆ, ಬೀಗ್ರು ಮುಂದೆ ಮಾನ ಕಳಿಬ್ಯಾಡ" ಎಂದ. ಅವನ ಬಾಯಿಯಿಂದಲೂ ಅದೇ ನಾತ. ಅವನ ಕಡೆ ನಾನು ತಿರುಗಿಯೂ ನೋಡಲಿಲ್ಲ.

ಬಸ್ಸಿನಲ್ಲಿ ಹೋಗಿ ಎಂದೆ. ಬೀಗರಿಗೆ ರೇಗಿತು. "ಮನೆ ಮುಂದೆ ಕಾರ್ ನಿಲ್ಸ್ಕಂಡು ಬಸ್ಸಲ್ಲಿ ಓಗನ ಅಂತೀರಾ? ಏನ್ ನಮ್ಮುಡ್ಗ ಕುಡುಕ್ನಾ? ನನ್ ಸರ್ವೀಸಲ್ಲಿ ನಾನು ಕಂಡಿರೋ ಕುಡುಕ್ರ ನೀವು ಕಂಡಿದಿರಾ?"

"ನಾನು ಕುಡುಕ್ನ ಜೊತೆ ಸಂಸಾರ ಮಾಡಿವ್ನಿ ಬೀಗ್ರೆ, ಗೇಟಲ್ಲಿ ನಿಂತು ನೋಡಿಲ್ಲ. ನಿಮ್ಮುಡ್ಗ ಕುಡುಕ ಅಂತ ನಾನೂ ಅನ್ನಲ್ಲ. ಇವತ್ತು ಕುಡ್ದವ್ನೆ, ಅಷ್ಟೇಯ."

ಇಷ್ಟಾದರೂ ಯಾರೂ ಒಪ್ಪುವ ಹಾಗೆ ಕಾಣಲಿಲ್ಲ. ಬೀಗಿತ್ತಿ ಕೂಡ, "ದಿನಾ ಓಡ್ಸೋ ಕೈ ಅಜ್ಜಿ ಅದು, ಏನೂ ಆಗಲ್ಲ, ಕೊಡಿ ಮಗಿನ" ಎಂದು ಕೈ ಚಾಚಿದಳು. ಒಳ್ಳೆಯ ಹೆಂಗಸು, ಕೆಟ್ಟವಳಲ್ಲ. ಮಗನನ್ನು ಮೆಚ್ಚಿ ಮೆಚ್ಚಿ ಕಣ್ಣು ಮಂಜಾಗಿದೆ, ಅಷ್ಟೇ. ಆಗ ನನ್ನ ಕಣ್ಣು ಮಗುವಿನ ಕೆನ್ನೆಯ ಮೇಲೆ ಬಿತ್ತು. ಬೆಳಿಗ್ಗೆ ತನ್ನ ಉಗುರಿನಲ್ಲೇ ಪರಚಿಕೊಂಡಿತ್ತು. ಉಗುರು ತೆಗೆಯಬೇಕೆಂದು ಸೊಸೆ ಸಣ್ಣ ಕತ್ತರಿಯನ್ನು ಕಿಟಕಿಯ ಮೇಲೆ ಇಟ್ಟು, ಅಡಿಗೆಯ ಗಡಿಬಿಡಿಯಲ್ಲಿ ಮರೆತಿದ್ದಳು. ಕೈ ಚಾಚಿ ಆ ಕತ್ತರಿ ತೆಗೆದುಕೊಂಡು ಹುಡುಗನ ಮುಂದೆ ಹಿಡಿದೆ.

"ಆಗ್ಲಿ ಕಣಪ್ಪ, ನೀನು ಸ್ಟಡಿಯಾಗಿದೀಯೆ. ಇಲ್ಲಿ ಕೂತ್ಕಂಡು ನಿನ್ ಮಗಿನ ಉಗ್ರು ಕತ್ತರ್ಸು. ಕೂತೇ ಕತ್ತರ್ಸು, ಏನೂ ಅವಸ್ರ ಇಲ್ಲ. ಹತ್ತು ಬೆಳ್ಳು ಕತ್ತರ್ಸ್ಬುಟ್ಟು ಮಗಿನ ಎತ್ಕಂಡೋಗು. ನಾನೇ ಕಾರ್ ಬಾಗ್ಲು ತಗಿತೀನಿ."

ಹುಡುಗ ಕತ್ತರಿ ತೆಗೆದುಕೊಂಡ. ನಗುತ್ತಲೇ ಬಗ್ಗಿದ. ಮಗುವಿನ ಹೆಬ್ಬೆರಳು ಹಿಡಿದ. ಮಗು ಕೈ ಎಳೆದುಕೊಂಡಿತು. ಮತ್ತೆ ಹಿಡಿದ. ಕತ್ತರಿಯ ತುದಿ ಉಗುರಿನ ಹತ್ತಿರಕ್ಕೆ ಬಂದಿತೋ ಇಲ್ಲವೋ, ಬೀಗಿತ್ತಿ ಚೀರಿದಳು.

"ಬ್ಯಾಡ ಕಣ್ಲಾ! ಬುಡ್ಲಾ ಕೈಯ! ಬೆಳ್ಳು ಕತ್ತರ್ಸ್ಬುಟ್ಟೀಯ!" ಎಂದು ಓಡಿ ಬಂದು ಅವನ ಮುಂಗೈ ಹಿಡಿದು ಎಳೆದಳು. ಕತ್ತರಿ ಕಲ್ಲಿನ ಮೇಲೆ ಬಿತ್ತು.

ಕತ್ತರಿ ಮಗುವಿಗೆ ತಗಲಲು ನಾನೂ ಬಿಡುತ್ತಿರಲಿಲ್ಲ, ನನ್ನ ಅಂಗೈ ಅಡ್ಡ ಇತ್ತು. ಆದರೆ ಬೀಗಿತ್ತಿಗೆ ಅದು ಗೊತ್ತಿರಲಿಲ್ಲವಲ್ಲ. ಅವಳು ಮಗನ ಮುಂಗೈಯನ್ನು ಹಿಡಿದುಕೊಂಡೇ ನಿಂತಿದ್ದಳು. ಉಗುರು ಮುಟ್ಟಲು ಬಿಡದ ಕೈಗೆ ತಾನು ಇಡೀ ಮಗುವನ್ನೇ ಕೊಡಲು ಹೊರಟಿದ್ದಳು ಎಂದು ಅವಳಿಗೆ ಹೊಳೆದದ್ದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಬಹಳ ಆಸೆಯಾಗಿತ್ತು.

ಮೊಮ್ಮಗಳು ಬಂದು ಮಡಿಲಕ್ಕಿಯ ಸಮೇತ ನನ್ನ ಪಕ್ಕದಲ್ಲಿ ಕೂತಳು. "ನಾನೂ ಬರಲ್ಲ. ನಾಳಿಕ್ ಓಗನ" ಎಂದು ಗಂಡನಿಗೆ ಹೇಳಿದಳು. ಅವನ ನಗು ಅಲ್ಲಿಗೆ ನಿಂತಿತು.

ಬೀಗರು ಮಾತ್ರ ಇನ್ನೂ ರಾಹುಕಾಲದ ಮಾತಾಡುತ್ತಿದ್ದರು. ಒಳ್ಳೆಯ ಗಳಿಗೆ ತಪ್ಪುತ್ತದೆ, ಮಡಿಲಕ್ಕಿ ತುಂಬಿದ ಹೆಣ್ಣು ಹೊಸಲ ಮೇಲೆ ಕೂರಬಾರದು, ಇನ್ನೂ ಏನೇನೋ. ಬೀಗಿತ್ತಿ ತಿರುಗಿ, "ಸುಮ್ಕಿರಿ ನೀವು. ರಾವುಕಾಲ ಎಲ್ಲಿಂದ ಬಂತು ಅಂತ ನಂಗೊತ್ತು, ಇತ್ಲಿಂದ ಬಂತು" ಎಂದು ಹುಣಸೆ ಮರದ ಕಡೆ ಕೈ ತೋರಿಸಿದಳು. ಆ ಹೆಂಗಸಿನ ಮೇಲೆ ನನಗೆ ಮೊದಲ ಸಲ ಗೌರವ ಬಂತು.

ಆ ದಿನ ಎಲ್ಲರೂ ನಮ್ಮಲ್ಲೇ ಉಳಿದರು. ಹುಡುಗ ಜಗುಲಿಯಲ್ಲಿ ಮಲಗಿದವನು ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಸ್ಟಡಿಯಾಗಿದ್ದವನು ಎಷ್ಟು ಬೇಗ ಗೊರಕೆ ಹೊಡೆದ ನೋಡಿ. ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ತಟ್ಟೆ ತುಂಬ ಇಡ್ಲಿ ತಿಂದ. ಸೋಮವಾರದ ರಾಹುಕಾಲ ಕಳೆದ ಮೇಲೆ ಹೊರಟರು. ಮಗುವನ್ನು ನಾನೇ ಬೀಗಿತ್ತಿಯ ಮಡಿಲಿಗೆ ಹಾಕಿದೆ. ಬೀಗರು ನನ್ನನ್ನು ಬಿಟ್ಟು ಉಳಿದವರಿಗೆಲ್ಲ ಹೋಗಿ ಬರುತ್ತೇವೆ ಎಂದರು. ನನ್ನ ಮಗ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ. ಮನೆ ಆ ವಾರ ಹಾಯಾಗಿತ್ತು.

ಕೆಲವು ತಿಂಗಳ ಮೇಲೆ ಗುಂಡ್ಲುಪೇಟೆಯಲ್ಲಿ ಮಗುವಿಗೆ ಕಿವಿ ಚುಚ್ಚಿಸಿದರು. ಬೀಗರು ನನ್ನ ಮಗನಿಗೆ ಫೋನ್ ಮಾಡಿ ಕರೆದರು, ನನ್ನ ಹೆಸರು ಎತ್ತಲಿಲ್ಲವಂತೆ. "ನೀನು ಬರದು ಬ್ಯಾಡ ಅವ್ವ, ಅವ್ರಿಗೆ ಇನ್ನೂ ಕೋಪ ಅದೆ" ಎಂದ ಮಗ. ಕೋಪ ಇದ್ದರೆ ಅವರ ಹತ್ತಿರ ಇರಲಿ, ಮಗು ನನ್ನದೂ ಹೌದು. ಮಗ ಸೊಸೆಯ ಜೊತೆ ಹೋಗದೆ ಬಸ್ಸು ಹತ್ತಿ ಒಬ್ಬಳೇ ಹೋದೆ.

ಅಲ್ಲೂ ಹಿತ್ತಲಿನಲ್ಲಿ ವ್ಯವಸ್ಥೆ. ಅಲ್ಲೂ ಪ್ಲಾಸ್ಟಿಕ್ ಕುರ್ಚಿ, ಅವೇ ಮಾತು. ಹುಡುಗನ ಚಿಕ್ಕಪ್ಪ ಒಬ್ಬ ನನ್ನನ್ನು ಕಂಡವನೇ ಲೋಟ ಎತ್ತಿ ತೋರಿಸಿ, "ಬನ್ನಿ ಅಜ್ಜಿ, ನಂದೂ ಉಗ್ರು ಬೆಳ್ದವೆ" ಎಂದು ಎಲ್ಲರನ್ನೂ ನಗಿಸಿದ. "ನಿಂದು ಉಗ್ರು ಅಲ್ಲ ಕಣಪ್ಪ, ನಾಲ್ಗೆ ಬೆಳ್ದದೆ" ಎಂದು ಹೇಳಿ ನಾನು ಊಟಕ್ಕೆ ಹೋದೆ. ಅಂದರೆ ಸುದ್ದಿ ನೆಂಟರಿಗೆಲ್ಲ ಮುಟ್ಟಿದೆ.

ಊಟವಾದ ಮೇಲೆ ಹೊರಟೆ. ಬಸ್‌ಸ್ಟ್ಯಾಂಡಿನ ಕಡೆ ನಡೆಯತೊಡಗಿದವಳ ಪಕ್ಕಕ್ಕೆ ಕಾರು ಬಂದು ನಿಂತಿತು. ಒಳಗೆ ಮೊಮ್ಮಗಳ ಗಂಡ ಒಬ್ಬನೇ ಇದ್ದ.

"ಕಾರ್ ಅತ್ತು ಅಜ್ಜಿ, ಬಸ್‌ಸ್ಟ್ಯಾಂಡ್ ಗಂಟ ಬುಟ್ಬತ್ತೀನಿ."

ನಾನು ಹತ್ತಲಿಲ್ಲ. ಕಿಟಕಿಯ ಹತ್ತಿರ ಬಗ್ಗಿ, "ಬಾಯಿ ತಗಿ" ಎಂದೆ.

ಹುಡುಗ ಸುತ್ತ ಒಂದು ಸಲ ನೋಡಿ ಬಾಯಿ ತೆಗೆದ. ಮೂಸಿದೆ. ಕಾಫಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಕುಡಿಲಿಲ್ವಾ ಇವತ್ತು?"

"ನೆಂಟ್ರುನ್ನೆಲ್ಲ ಬಸ್ಸತ್ತಿಸ್ಬುಟ್ಟು ಬಂದು ಒಂದು ತಗತೀನಿ," ಎಂದ. "ಆಮೇಲೆ ಗಾಡಿ ತಗಿಯಂಗಿಲ್ಲ."

"ಉಂಡ್ಕಂಡು ತಗ," ಎಂದು ಹೇಳಿ, ಬಾಗಿಲು ತೆಗೆದು ಮುಂದಿನ ಸೀಟಿನಲ್ಲೇ ಕೂತೆ.